ನೂರಕ್ಕೆ ತೊಂಬತ್ನಾಲ್ಕು

ಬಳಿಚಕ್ರದ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ ಬರೆದಿರುವ ಪತ್ರವೇ ಈ ವಾರದ ಅಂಕಣಕ್ಕೆ ವಸ್ತು. ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಆತ ಒಂದು ಚಿತ್ರ ನೋಡಿದ್ದಾನೆ. ಕೋಟು ತೊಟ್ಟ ಮನುಷ್ಯ, ಆತನ ಬೆರಳುಗಳ ನಡುವೆ ಕಪ್ಪನೆಯ ಸಿಗಾರ್, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 94 ಎಂಬ ಅಂಕಿ. ‘ಚುಟ್ಟಾಕ್ಕ ನೂರಕ್ಕ ತೊಂಬತ್ನಾಲ್ಕು ಕೊಟ್ಟಾರ್ರೀ ಸರ್. ಅದರ ಪೇಪರ್ ಯಾರು ನೋಡ್ತಾರ? ಕ್ವೆಶ್ಚನ್ ಏನೇನಿರ್ತಾವ? ನಮ್ಮ ಮುತ್ಯಾನ ಚುಟ್ಟಾಕ್ಕ ಎಷ್ಟು ಬೀಳ್ತಾವ?’ ಇವು ಆತನ ಮೂರು ಪ್ರಶ್ನೆಗಳು.

ಮಕ್ಕಳು ಓದುವ ಪುಟದಲ್ಲಿ ಸಿಗಾರ್ ಮಾತೇಕೆ ಎಂದು ಹುಬ್ಬು ಗಂಟಿಕ್ಕುವ ತಂದೆತಾಯಿಯರು ಕೊಂಚ ತಾಳ್ಮೆಯಿಂದ ಮುಂದೆ ಓದಬೇಕು. ಹುಡುಗ ಕೇಳಿರುವುದು ಸಿಗಾರ್ ಸೇದುವುದು ಹೇಗೆಂದಲ್ಲ, ಅಂಕ ಕೊಡುವುದು ಹೇಗೆಂದು. ನಾಲಗೆಗೆ ಸಂಬಂಧಿಸಿದ ವಿಷಯಕ್ಕೆ ಅಂಕ ಹಾಕುವುದು ಸಾಧ್ಯವೆ? ಹಾಕಿದರೆ ಅದನ್ನು ನಂಬಬಹುದೆ? ಪ್ರಶ್ನೆ ದೊಡ್ಡದೇ.

ಮೊದಲು ಪದದ ವಿಚಾರ. ಹುಡುಗ ಸಿಗಾರನ್ನು ಚುಟ್ಟಾ ಎಂದು ಕರೆದದ್ದು ಸರಿಯಾಗಿಯೇ ಇದೆ. ಎಲೆಯೊಳಗೇ ಎಲೆ ಸುತ್ತಿ ಮಾಡುವ ಯಾವುದೇ ವಸ್ತು ಆ ಕುಲಕ್ಕೆ ಸೇರಿದ್ದು. ಸಿಗಾರಿನ ಬಡ ನೆಂಟನಿಗೆ ಇಂಗ್ಲಿಷಿನಲ್ಲಿ ಚೆರೂಟ್ ಎನ್ನುತ್ತಾರೆ. ಆ ಪದ ಹೋದದ್ದು ತಮಿಳಿನ ‘ಸುರುಟ್ಟು’ ಎಂಬುದರಿಂದ. ಚಾಪೆ ಸುರುಟುವುದು, ಕಾಗದ ಸುರುಟುವುದು ಎಂದು ನಾವೂ ಹೇಳುತ್ತೇವಲ್ಲ, ಅದೇ ಸುರುಟು. ಸುರುಟ್ಟಿಗೆ ಹೆಸರಾದ ಊರು ತಿರುಚ್ಚಿರಾಪಳ್ಳಿ. ಕಾನನ್ ಡಾಯ್ಲ್ ಬರೆದ ಪತ್ತೇದಾರ ಷರ್ಲಾಕ್ ಹೋಮ್ಸ್ 1887ರ ತನ್ನ ಮೊದಲ ಕಾದಂಬರಿಯಲ್ಲೇ ನೆಲದ ಮೇಲೆ ಬಿದ್ದ ಬೂದಿಯನ್ನು ನೋಡಿ, ಕೊಲೆಗಾರ ತಿರುಚ್ಚಿಯ ಸಿಗಾರ್ ಸೇದುವವನು ಎಂದು ಗುರುತಿಸುತ್ತಾನೆ. 1896ರಲ್ಲಿ ತರುಣ ಸೈನ್ಯಾಧಿಕಾರಿಯಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದ ವಿನ್‌ಸ್ಟನ್ ಚರ್ಚಿಲ್ ಮುಂದೆ ಸಿಗಾರಿಗೇ ಪರ್ಯಾಯ ಪದವಾದದ್ದು ಎಲ್ಲರಿಗೂ ಗೊತ್ತು. ಮುತ್ಯಾನ ಚುಟ್ಟಾಕ್ಕೂ ಕೋಟಿನವನ ಸಿಗಾರಿಗೂ ಇರುವ ಅಂತರ ಜಾತಿಯದಲ್ಲ, ಅಂತಸ್ತಿನದು.

ಆ ಅಂತಸ್ತು ಬರುವುದು ಹೊರಗಿನ ಎಲೆಯಿಂದ. ಒಳ್ಳೆಯ ಸಿಗಾರಿನಲ್ಲಿ ಮೂರು ಭಾಗ. ಒಳಗೆ ತುಂಬುವ ಎಲೆಗಳು, ಅವನ್ನು ಕಟ್ಟಿಹಿಡಿಯುವ ಎಲೆ, ಎಲ್ಲದರ ಮೇಲೆ ಒಂದೇ ಒಂದು ಹೊದಿಕೆ ಎಲೆ. ಹೊದಿಕೆಗೆ ತೂತಿರಬಾರದು, ದಪ್ಪ ನರವಿರಬಾರದು, ಚುಕ್ಕೆ ಇರಬಾರದು, ಎಳೆದರೆ ಹರಿಯಬಾರದು. ಮದುವೆ ಸೀರೆ ಆರಿಸುವಷ್ಟು ನಾಜೂಕು. ನಮ್ಮ ದೇಶದಲ್ಲಿ ಹೊದಿಕೆಗೆ ಒದಗುವ ಎಲೆ ಬೆಳೆಯುವುದು ಬಂಗಾಳದ ಕೂಚ್‌ಬಿಹಾರದ ದಿನ್‌ಹಾಟಾ ಸುತ್ತಮುತ್ತ. ಜಗತ್ತಿನಲ್ಲಿ ಹೆಚ್ಚು ಬೆಲೆಬಾಳುವ ಕಪ್ಪು ಹೊದಿಕೆಗಳು ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆ, ಮೆಕ್ಸಿಕೋದ ಸಾನ್ ಆಂದ್ರೆಸ್ ಮೊದಲಾದ ಕಡೆಯಿಂದ ಬರುತ್ತವೆ.

ಈ ಕಪ್ಪು ಹೊದಿಕೆಗೆ ‘ಮದೂರೊ’ ಎಂಬ ಸ್ಪ್ಯಾನಿಷ್ ಹೆಸರಿದೆ. ಮಾಗಿದ್ದು ಎಂದರ್ಥ. ಹೆಸರೇ ಹೇಳುವ ಹಾಗೆ ಇದು ಬಳಿದ ಬಣ್ಣವಲ್ಲ, ಮಾಗಿದ ಬಣ್ಣ. ಗಿಡದಲ್ಲಿ ಹೆಚ್ಚು ಬಿಸಿಲುಂಡ ದಪ್ಪ ಎಲೆಗಳನ್ನು ಆರಿಸಿ, ನೆರಳಿನ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸಿ, ಬಳಿಕ ತುಸು ತೇವ ಮಾಡಿ ಎದೆಯೆತ್ತರದ ರಾಶಿ ಒಟ್ಟುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದನ್ನು ಬಳಿಚಕ್ರದವರಿಗೆ ವಿವರಿಸಬೇಕಿಲ್ಲ. ಚಳಿಗಾಲದ ಬೆಳಗಿನಲ್ಲಿ ತಿಪ್ಪೆ ಕೆದಕಿದರೆ ಒಳಗಿನಿಂದ ಹಬೆಯೇಳುವುದನ್ನು ನೋಡಿದ್ದೀರಿ. ಹಸಿ ಮೇವನ್ನು ಒಟ್ಟಿದರೆ ಬಣವೆಯ ಹೊಟ್ಟೆ ಬಿಸಿಯಾಗುವುದೂ ಗೊತ್ತು. ಎಲೆಯ ರಾಶಿಯೂ ಹಾಗೆಯೇ ತನ್ನಷ್ಟಕ್ಕೆ ತಾನೇ ಕಾಯುತ್ತದೆ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ರಾಶಿಯನ್ನು ಒಡೆದು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಮೂಗು ಚುರುಗುಟ್ಟಿಸುವ ಅಮೋನಿಯ ಹೊರಟುಹೋಗುತ್ತದೆ, ಎಲೆಯ ಒರಟುತನ ಇಳಿಯುತ್ತದೆ, ಕಂದು ಬಣ್ಣ ಕಪ್ಪಿನತ್ತ ತಿರುಗುತ್ತದೆ. ತಿಂಗಳುಗಳ ಕೆಲಸ, ಕೆಲವೊಮ್ಮೆ ವರ್ಷ ದಾಟುವುದೂ ಉಂಟು.

ಅಷ್ಟು ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಬೆಯಲ್ಲಿ ಬೇಯಿಸಿ ಕಪ್ಪು ಮಾಡುವವರಿದ್ದಾರೆ, ಬಣ್ಣ ಬಳಿಯುವವರೂ ಇದ್ದಾರೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಲವೊಮ್ಮೆ ಗುಟ್ಟು ರಟ್ಟಾಗುತ್ತದೆ. ಮೌಲ್ಯಮಾಪಕನ ಕೆಲಸ ಶುರುವಾಗುವುದೇ ಅಲ್ಲಿಂದ. ಹಚ್ಚುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ ಎನ್ನಿ. ಎಲೆಯ ಮೇಲೆ ತೆಳುವಾಗಿ ಎಣ್ಣೆ ಹೊಳಪಿದೆಯೆ, ಸುತ್ತಿನ ಅಂಚುಗಳು ಸಮನಾಗಿ ಕೂತಿವೆಯೆ ಎಂದು ನೋಡುತ್ತಾನೆ. ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲನೆ ಒತ್ತುತ್ತ ಹೋಗುತ್ತಾನೆ. ಗಟ್ಟಿ ಗಂಟು ಸಿಕ್ಕಿದರೆ ಅಲ್ಲಿ ಹೊಗೆ ಕಟ್ಟುತ್ತದೆ, ಪೊಳ್ಳು ಸಿಕ್ಕಿದರೆ ಅಲ್ಲಿ ಬೇಗ ಉರಿದು ಬಾಯಿ ಸುಡುತ್ತದೆ. ತುದಿಯನ್ನು ಮೂಸುತ್ತಾನೆ. ತಲೆಯ ಕಡೆ ಕತ್ತರಿಸಿ, ಬೆಂಕಿಯಿಲ್ಲದೆ ಒಮ್ಮೆ ಗಾಳಿ ಎಳೆದು ನೋಡುತ್ತಾನೆ. ಹಚ್ಚಿದ ಮೇಲೆ ಉರಿಯ ಗೆರೆ ಸುತ್ತಲೂ ಸಮನಾಗಿ ಇಳಿಯುತ್ತದೆಯೆ, ಒಂದು ಪಕ್ಕ ಓಡುತ್ತದೆಯೆ, ಬೂದಿ ಗಟ್ಟಿಯಾಗಿ ನಿಲ್ಲುತ್ತದೆಯೆ, ಉದುರಿ ಮಡಿಲಿಗೆ ಬೀಳುತ್ತದೆಯೆ ಎಂದು ಗಮನಿಸುತ್ತಾನೆ.

ಬೂದಿಯ ಮಾತು ಬಂದದ್ದರಿಂದ ರೈತರ ಮನೆಯ ಮಕ್ಕಳಿಗೊಂದು ವಿಷಯ. ತಂಬಾಕಿಗೆ ಪೊಟ್ಯಾಷ್ ಬೇಕು, ಅದು ಎಲೆ ನೀಟಾಗಿ ಉರಿಯಲು ನೆರವಾಗುತ್ತದೆ. ಆದರೆ ನಮ್ಮ ಗೊಬ್ಬರದಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ತಂಬಾಕಿಗೆ ಹಾಕುವುದಿಲ್ಲ. ಅದರಲ್ಲಿರುವ ಕ್ಲೋರಿನ್ ಎಲೆಗೆ ಸೇರಿ ಉರಿಯನ್ನು ಕೆಡಿಸುತ್ತದೆ. ಅದಕ್ಕಾಗಿ ದುಬಾರಿಯ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕುತ್ತಾರೆ. ಹೊಲದಲ್ಲಿ ಹಾಕಿದ ಗೊಬ್ಬರ ಹೀಗೆ ಸಾವಿರಾರು ಮೈಲಿ ಆಚೆ ಯಾರದೋ ಬೂದಿಬಟ್ಟಲಿನಲ್ಲಿ ತನ್ನ ಸಾಕ್ಷಿ ಹೇಳುತ್ತದೆ. ಷರ್ಲಾಕ್ ಹೋಮ್ಸನ ಬೂದಿಶಾಸ್ತ್ರ ತೀರಾ ಕಟ್ಟುಕತೆಯಲ್ಲ.

ಇನ್ನು ರುಚಿ. ‘ಕೋಕೋ, ಹುರಿದ ಕಾಫಿ, ಒಣದ್ರಾಕ್ಷಿ, ತೊಗಲು, ದೇವದಾರು, ಕರಿಮೆಣಸು’ ಎಂದೆಲ್ಲ ಪಟ್ಟಿ ಮಾಡುತ್ತಾರೆ ವಿಮರ್ಶಕರು. ಎಲೆಯಲ್ಲಿ ಕೋಕೋ ಎಲ್ಲಿಂದ ಬಂತು ಎಂದು ನಗಬೇಡಿ. ಸಕ್ಕರೆಯ ಅಂಶವೂ ಅಮೈನೋ ಆಮ್ಲವೂ ಕೂಡಿ ಕಾದಾಗ ಕಂದು ಬಣ್ಣ, ಹುರಿದ ಪರಿಮಳ ಎರಡೂ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಮೇಯಾರ್‌ನ ಹೆಸರು ಆ ಕ್ರಿಯೆಗೆ ನಿಂತಿದೆ. ಕೋಕೋ ಬೀಜ ಹುರಿದಾಗ ನಡೆಯುವುದೂ ಇದೇ, ಹೆಂಚಿನ ಮೇಲೆ ಜೋಳದ ರೊಟ್ಟಿಗೆ ಕಂದು ಚುಕ್ಕೆ ಬೀಳುವಾಗ ನಡೆಯುವುದೂ ಇದೇ, ಶೇಂಗಾ ಹುರಿಯುವಾಗ ಓಣಿಗೆಲ್ಲ ಸುದ್ದಿ ಮುಟ್ಟುವುದೂ ಇದರಿಂದಲೇ. ದೇವದಾರಿನ ವಾಸನೆಯಂತೂ ಪೆಟ್ಟಿಗೆಯಿಂದ ಬಂದದ್ದು. ಸಿಗಾರ್ ಪೆಟ್ಟಿಗೆ ಮಾಡುವ ‘ಸ್ಪ್ಯಾನಿಷ್ ಸೀಡರ್’ ಎಂಬ ಮರಕ್ಕೂ ದೇವದಾರಿಗೂ ನಂಟಿಲ್ಲ. ಅದು ನಮ್ಮ ಬೇವಿನ ಕುಟುಂಬದ್ದು. ಬೇವಿನ ಬಳಗ ಹವಾನಾದ ಶ್ರೀಮಂತ ಪೆಟ್ಟಿಗೆಯಾಗಿ ಮೆರೆಯುತ್ತಿದೆ ಎಂದಾಯಿತು.

ನಾಲಗೆ ಇದನ್ನೆಲ್ಲ ಹೇಗೆ ಹಿಡಿಯುತ್ತದೆ? ಹಿಡಿಯುವುದೇ ಇಲ್ಲ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಬೇಳೆ-ಮಾಂಸದ ಸಾರಿನ ಮೇಲೋಗರದಂಥ ಇನ್ನೊಂದು ರುಚಿ ಮಾತ್ರ. ಮಿಕ್ಕದ್ದೆಲ್ಲ ಮೂಗಿನ ಕೆಲಸ. ಬಾಯಿಯೊಳಗಿನ ಗಾಳಿ ಗಂಟಲ ಹಿಂದಿನಿಂದ ಮೂಗಿಗೆ ಏರಿದಾಗ ನಾವು ‘ರುಚಿ’ ಎನ್ನುವುದರ ಬಹುಪಾಲು ಹುಟ್ಟುತ್ತದೆ. ನಂಬಿಕೆಯಾಗದಿದ್ದರೆ ಈಗಲೇ ಮೂಗನ್ನು ಬಿಗಿಯಾಗಿ ಹಿಡಿದು ಒಂದು ಏಲಕ್ಕಿ ಕಾಳನ್ನೋ ಸೋಂಪನ್ನೋ ಜಗಿಯಿರಿ. ಕಡ್ಡಿ ಜಗಿದಂತಾಗುತ್ತದೆ. ಈಗ ಮೂಗು ಬಿಡಿ. ಏಲಕ್ಕಿ ತಟ್ಟನೆ ಏಲಕ್ಕಿಯಾಗುತ್ತದೆ. ಸಿಗಾರ್ ಪರೀಕ್ಷಕರು ಹೊಗೆಯನ್ನು ಬಾಯಲ್ಲಿ ಹಿಡಿದು ಸ್ವಲ್ಪವನ್ನು ಮೂಗಿನ ಮೂಲಕ ಹೊರಬಿಡುವುದು ಈ ಕಾರಣಕ್ಕೆ. ನಿಮಗೆ ಏಲಕ್ಕಿ ಸಾಕು.

ಮೂಗಿಗೆ ತಿಳಿದದ್ದನ್ನು ಬಾಯಿ ಹೇಳಬೇಕಾದರೆ ಪದ ಬೇಕು. ಈ ವಿಷಯದಲ್ಲಿ ನಾವೇನೂ ಬಡವರಲ್ಲ. ಹೊಗೆಸೊಪ್ಪಿಗೆ ಹೇಳಿ ಮಾಡಿಸಿದಂಥ ‘ಘಾಟು’ ನಮ್ಮಲ್ಲಿದೆ. ಕೆಟ್ಟ ಎಣ್ಣೆಗೆ ‘ಕಮಟು’, ಮಳೆಗಾಲದ ಚೀಲಕ್ಕೆ ‘ಮುಗ್ಗಲು’, ಎಳೆಯ ಬಾಳೆಕಾಯಿಗೆ ‘ಒಗರು’, ಅವರೆಕಾಯಿಗೆ ‘ಸೊಗಡು’, ತಳ ಹತ್ತಿದ ಹಾಲಿಗೆ ‘ಸೀದದ್ದು’. ಕಪ್ಪು ಹೊದಿಕೆಯ ಒಳ್ಳೆಯ ಸಿಗಾರಿನ ಗುಣವನ್ನು ಕನ್ನಡದಲ್ಲಿ ಹೇಳುವುದಾದರೆ, ಘಾಟು ಇಳಿದಿರಬೇಕು, ಒಗರು ನಾಲಗೆಯ ಅಂಚಿಗಷ್ಟೇ ತಾಗಬೇಕು, ಹುರಿದ ಕಂಪು ಉಳಿಯಬೇಕು, ಮುಗ್ಗಲಿನ ಸುಳಿವೂ ಇರಬಾರದು. ಇಷ್ಟೇ. ‘ಅಂಡಲೂಸಿಯಾದ ತೊಗಲಿನ ಸಂಜೆ’ ಎಂಬಂತೆ ಬರೆಯುವವರ ಬಗ್ಗೆ ನನಗೆ ಗುಮಾನಿ.

ಗುಮಾನಿಗೆ ಆಧಾರವೂ ಇದೆ. ಮೂಗು ಕಣ್ಣಿನ ಮಾತು ಕೇಳುತ್ತದೆ. ಫ್ರಾನ್ಸಿನ ಬೋರ್ಡೊದಲ್ಲಿ ದ್ರಾಕ್ಷಾರಸದ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಮೂಗು ಅದೇ, ದ್ರವ ಅದೇ. ಬದಲಾದದ್ದು ಬಣ್ಣ. ಕಪ್ಪು ಹೊದಿಕೆಯ ಸಿಗಾರಿಗೂ ಇದೇ ಗತಿ. ಕಪ್ಪಗಿದೆಯೆಂದರೆ ಭಾರಿ ಘಾಟು, ತಲೆ ತಿರುಗಿಸುತ್ತದೆ ಎಂದು ಜನ ನಂಬುತ್ತಾರೆ. ನಿಜಕ್ಕೂ ಘಾಟು ಬರುವುದು ಹೆಚ್ಚಾಗಿ ಒಳಗೆ ತುಂಬಿದ ಎಲೆಯಿಂದ, ಅದರಲ್ಲೂ ಗಿಡದ ತುದಿಯ ಎಲೆಯಿಂದ. ಕಪ್ಪು ಹೊದಿಕೆ ಬಹಳ ಸಲ ಸಿಹಿಯತ್ತ ವಾಲುತ್ತದೆ. ಬಣ್ಣ ನೋಡಿ ಗುಣ ಹೇಳುವ ಚಟ ಮನುಷ್ಯನಿಗೆ ಎಲ್ಲೆಲ್ಲಿ ಇದೆಯೆಂದು ಓದುಗರಿಗೆ ನಾನು ತೋರಿಸಬೇಕಿಲ್ಲ.

ಆದ್ದರಿಂದಲೇ ಆಹಾರ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಬಣ್ಣ ಕಾಣದಂತೆ ಕೆಂಪು ದೀಪ ಹಾಕುವುದುಂಟು. ಸಿಗಾರಿನ ಪರೀಕ್ಷೆಯಲ್ಲಿ ಹೆಸರಿನ ಪಟ್ಟಿಯನ್ನು ಕಿತ್ತುಹಾಕಿ, ಬರೀ ಸಂಖ್ಯೆಯ ಗುರುತು ಹಾಕಿ ಪರೀಕ್ಷಕನ ಕೈಗೆ ಕೊಡುತ್ತಾರೆ. ದುಬಾರಿ ಹೆಸರು ನೋಡಿದರೆ ನಾಲಗೆ ತಾನಾಗಿ ಹೊಗಳಲು ಶುರುಮಾಡುತ್ತದಲ್ಲ! ನಿಮ್ಮ ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ನೋಂದಣಿ ಸಂಖ್ಯೆ ಬರೆಸುವುದರ ಹಿಂದಿರುವುದೂ ಇದೇ ವಿವೇಕ.

ಹೆಸರು ಮುಚ್ಚಿದರೆ ಸಾಲದು, ಅದೃಷ್ಟವನ್ನೂ ಮುಚ್ಚಬೇಕು ಎಂದು ತೋರಿಸಿಕೊಟ್ಟವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರ ಸಹೋದ್ಯೋಗಿ ಮ್ಯೂರಿಯಲ್ ಬ್ರಿಸ್ಟಲ್ ಎಂಬಾಕೆ, ಕಪ್ಪಿಗೆ ಮೊದಲು ಹಾಲು ಹಾಕಿದ್ದಾರೋ ಚಹಾ ಹಾಕಿದ್ದಾರೋ ಎಂಬುದನ್ನು ಕುಡಿದೇ ಹೇಳುತ್ತೇನೆ ಎಂದಿದ್ದರು. ಈ ಪ್ರಸಂಗದ ಎಳೆ ಹಿಡಿದು ಫಿಷರ್ 1935ರ ತಮ್ಮ ಪುಸ್ತಕದಲ್ಲಿ ಒಂದು ಪ್ರಯೋಗವನ್ನು ವಿವರಿಸಿದರು. ಎಂಟು ಕಪ್ಪು, ನಾಲ್ಕು ಹೀಗೆ, ನಾಲ್ಕು ಹಾಗೆ, ಕಲಸಿ ಇಡಬೇಕು. ಏನೂ ತಿಳಿಯದವರು ಸುಮ್ಮನೆ ಊಹಿಸಿದರೆ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ಅಷ್ಟನ್ನೂ ಸರಿಯಾಗಿ ಹೇಳಿದರೆ ಆ ನಾಲಗೆಯಲ್ಲಿ ಏನೋ ಇದೆ ಎನ್ನಬಹುದು. 70 ಹೇಗೆ ಬಂತು ಎಂಬುದನ್ನು ಪಿಯುಸಿ ಓದುವವರು ಲೆಕ್ಕ ಮಾಡಿ ನೋಡಲಿ. ಎಂಟರಲ್ಲಿ ನಾಲ್ಕನ್ನು ಎಷ್ಟು ಬಗೆಯಲ್ಲಿ ಆರಿಸಬಹುದು, ಅಷ್ಟೇ.

ಈಗ ಆ 94ರ ಕಡೆಗೆ. ಸಿಗಾರಿಗೆ ನೂರರ ಅಂಕ ಕೊಡುವ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ‘ಸಿಗಾರ್ ಅಫಿಷಿಯೊನಾಡೊ’ ಎಂಬ ಅಮೆರಿಕನ್ ಪತ್ರಿಕೆ. ಶುರುವಾದದ್ದು 1992ರಲ್ಲಿ. ಅದಕ್ಕೂ ಮೊದಲು, 1978ರಿಂದ, ವೈನಿಗೆ ಇಂಥ ಅಂಕ ಹಾಕುತ್ತಿದ್ದವರು ರಾಬರ್ಟ್ ಪಾರ್ಕರ್ ಎಂಬ ವಿಮರ್ಶಕರು. ಅವರು ಈ ಅಳತೆಯನ್ನು ತೆಗೆದುಕೊಂಡದ್ದು ಎಲ್ಲಿಂದ ಗೊತ್ತೆ? ಅಮೆರಿಕದ ಶಾಲೆಗಳ ಅಂಕಪಟ್ಟಿಯಿಂದ! ಶಾಲೆಯ ಅಂಕ ಹೆಂಡದಂಗಡಿಗೆ ಹೋಗಿ, ಅಲ್ಲಿಂದ ಸಿಗಾರ್ ಅಂಗಡಿಗೆ ಬಂದು, ಈಗ ಬಳಿಚಕ್ರದ ಹುಡುಗನ ಕಣ್ಣಿಗೆ ಬಿದ್ದಿದೆ.

ಪ್ರಶ್ನೆಪತ್ರಿಕೆಯಲ್ಲಿ ಇರುವುದು ನಾಲ್ಕೇ ಪ್ರಶ್ನೆ. ನೋಟ ಮತ್ತು ಕಟ್ಟು ಹೇಗಿದೆ, ರುಚಿ ಹೇಗಿದೆ, ಉರಿಯುವ ರೀತಿ ಹೇಗಿದೆ, ಒಟ್ಟಾರೆ ಏನನ್ನಿಸಿತು. 95 ದಾಟಿದರೆ ಅತ್ಯುತ್ಕೃಷ್ಟ, 90ರ ಮೇಲೆ ಅಪರೂಪದ್ದು, 70ಕ್ಕಿಂತ ಕೆಳಗೆ ಬಂದರೆ ದುಡ್ಡು ದಂಡ. ಹಾಗಾಗಿ ನೂರರ ಅಳತೆಗೋಲು ಎಂದರೂ ನಿಜವಾಗಿ ಬಳಕೆಯಾಗುವುದು ಅದರ ಮೇಲಿನ ತುಂಡು ಮಾತ್ರ. 88ಕ್ಕೂ 91ಕ್ಕೂ ನಡುವಿನ ಮೂರು ಅಂಕದಲ್ಲಿ ಲಕ್ಷಾಂತರ ಡಾಲರ್ ವ್ಯಾಪಾರ ತೂಗುತ್ತದೆ. ಆ ಮೂರು ಅಂಕ ಬೆಳಗಿನ ಮೂಗಿಗೂ ಮಧ್ಯಾಹ್ನದ ಮೂಗಿಗೂ ಇರುವ ವ್ಯತ್ಯಾಸವೇ ಆಗಿರಬಹುದು. ಆದರೂ ನನ್ನನ್ನು ಕೇಳಿದರೆ, ಹೆಸರು ಮುಚ್ಚಿ, ನಾಲ್ಕು ಜನ ಬೇರೆಬೇರೆಯಾಗಿ ಕೂತು ಕೊಟ್ಟ ಅಂಕವನ್ನು ತೀರಾ ತಳ್ಳಿಹಾಕಲಾಗದು. ಕೇಳಿದ ನಾಲ್ಕು ಪ್ರಶ್ನೆಗೆ ಅದು ಪ್ರಾಮಾಣಿಕ ಉತ್ತರವೇ.

ಕೇಳದೆ ಬಿಟ್ಟ ಪ್ರಶ್ನೆಗಳೆಷ್ಟು ಎಂಬುದನ್ನು ನೋಡಲು ಹವಾನಾಕ್ಕೆ ಹೋಗಬೇಕಿಲ್ಲ, ನಮ್ಮ ರಾಜ್ಯದಲ್ಲೇ ಎರಡು ಕಡೆ ನಿಂತರೆ ಸಾಕು. ಒಂದು ಹುಣಸೂರು, ಪಿರಿಯಾಪಟ್ಟಣದ ಸೀಮೆ. ಅಲ್ಲಿ ಬೆಳೆಯುವುದು ಸಿಗಾರಿನ ಎಲೆಯಲ್ಲ, ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪು. ಬಣ್ಣದ ಆಸೆಯೂ ತದ್ವಿರುದ್ಧ, ಕಪ್ಪಾದರೆ ಕೆಟ್ಟಿತು, ನಿಂಬೆ ಹಳದಿಯಾದರೆ ಗೆದ್ದಿತು. ಬ್ಯಾರನ್ ಎಂಬ ಮಣ್ಣಿನ ಗೂಡಿನಲ್ಲಿ ಐದಾರು ದಿನ ಹಗಲೂ ರಾತ್ರಿ ಸೌದೆ ಒಟ್ಟಿ, ಉಷ್ಣವನ್ನು ಹಂತಹಂತವಾಗಿ ಏರಿಸಿ ಬೇಯಿಸುತ್ತಾರೆ. ನಿದ್ದೆಗೆಟ್ಟ ಒಂದು ರಾತ್ರಿ ತಪ್ಪಿದರೆ ಬಣ್ಣ ಹೋಯಿತು. ಆಮೇಲೆ ಬೇಲು ಕಟ್ಟಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯಬೇಕು. 1975ರ ಕಾಯಿದೆಯಿಂದ ಹುಟ್ಟಿದ ಈ ಮಂಡಳಿ 1984ರಲ್ಲಿ ಹರಾಜು ಪದ್ಧತಿಯನ್ನು ಮೊದಲು ತಂದದ್ದು ಕರ್ನಾಟಕದಲ್ಲೇ. ಅಲ್ಲಿನ ಮೌಲ್ಯಮಾಪಕರು ಕಂಪನಿಯ ಖರೀದಿದಾರರು. ಎಲೆಯ ಬಣ್ಣ ನೋಡಿ, ಬೆರಳಲ್ಲಿ ಹೊಸೆದು, ಒಮ್ಮೆ ಮೂಸಿ ಮುಂದಿನ ಬೇಲಿಗೆ ನಡೆಯುತ್ತಾರೆ. ರೈತನ ಒಂದು ವರ್ಷಕ್ಕೆ ಅಂಕ ಬೀಳುವುದು ಕೆಲವೇ ಕ್ಷಣಗಳಲ್ಲಿ. ಈಗ ಹರಾಜು ವಿದ್ಯುನ್ಮಾನವಾಗಿದೆ, ಆದರೆ ಎಲೆಯನ್ನು ಅಳೆಯುವುದು ಇಂದಿಗೂ ಕಣ್ಣು, ಬೆರಳು, ಮೂಗು.

ಎರಡನೆಯದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಬೀಡಿ ತಂಬಾಕಿನ ಊರು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿ ತಡೆದು ಕೂತಾಗ ಗೋಲಿಬಾರ್ ಆಯಿತು, ಹಲವರು ಪ್ರಾಣ ಕಳೆದುಕೊಂಡರು. ಅದೇ ಊರಿನ ತಂಬಾಕು ಕಾರ್ಖಾನೆಗಳಲ್ಲಿ ಎಲೆ ಬಡಿದು ಜರಡಿ ಹಿಡಿಯುವ ಹೆಣ್ಣುಮಕ್ಕಳು ಒಟ್ಟಾಗಿ ಹೋರಾಟಕ್ಕಿಳಿದ ಕಥೆಯನ್ನು, ಅವರನ್ನೇ ಜೊತೆಗಿಟ್ಟುಕೊಂಡು, ಯುಗಾಂತರ ಎಂಬ ಮಹಿಳೆಯರ ಬಳಗ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಅದರ ನಿರ್ದೇಶಕಿ ದೀಪಾ ಧನರಾಜ್. ಆ ಚಿತ್ರದಲ್ಲಿ ಕಾಣುವ ದೂಳಿನ ಮೋಡಕ್ಕೆ ಯಾವ ಪತ್ರಿಕೆಯಲ್ಲೂ ಅಂಕದ ಕಾಲಂ ಇಲ್ಲ. ಹಸಿ ಎಲೆ ಕೊಯ್ಯುವವರದು ಇನ್ನೊಂದು ಬಗೆಯ ಕಷ್ಟ. ಇಬ್ಬನಿಯಲ್ಲಿ ತೊಯ್ದ ಎಲೆಯಿಂದ ನಿಕೋಟಿನ್ ಚರ್ಮದೊಳಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಒಂದು ದಮ್ಮನ್ನೂ ಎಳೆಯದವರಿಗೆ ಬರುವ ತಂಬಾಕಿನ ಕಾಯಿಲೆ ಇದು.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ನಡೆದುಬಂದಿದೆ. ನೂರಾರು ಜನ ಸಾಲಾಗಿ ಕೂತು ಎಲೆ ಸುತ್ತುತ್ತಿದ್ದರೆ, ಎತ್ತರದ ಪೀಠದ ಮೇಲೆ ಕೂತ ಒಬ್ಬರು ಅವರಿಗೆ ಬೆಳಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ ಓದಿ ಹೇಳುತ್ತಾರೆ. ಮೊದಲು ಆ ಓದುಗನ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ‘ಮಾಂಟೆಕ್ರಿಸ್ಟೊ’ ಎಂಬ ಪ್ರಸಿದ್ಧ ಸಿಗಾರಿಗೆ ಆ ಹೆಸರು ಬಂದದ್ದು, ಕಾರ್ಮಿಕರು ಮತ್ತೆ ಮತ್ತೆ ಕೇಳುತ್ತಿದ್ದ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಿಂದ ಎನ್ನುತ್ತಾರೆ. ಶಾಲೆ ಕಾಣದ ಕೈಗಳು ಕಿವಿಯಿಂದ ಓದು ಕಲಿತ ಜಾಗ ಅದು. ಇದಕ್ಕಾದರೆ ನಾನೂ 94 ಕೊಟ್ಟೇನು.

ಬಿಟ್ಟುಹೋದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸೇದುವವನ ದೇಹಕ್ಕೆ ಸೇರಿದ್ದು. ‘ಸಿಗಾರ್ ಹೊಗೆಯನ್ನು ಒಳಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ’ ಎಂಬ ಮಾತು ತಿಳಿದವರ ಬಾಯಲ್ಲೂ ಬರುತ್ತದೆ. ರಸಾಯನಶಾಸ್ತ್ರ ಬೇರೆಯೇ ಹೇಳುತ್ತದೆ. ಗೂಡಿನಲ್ಲಿ ಬೇಯಿಸಿದ ಸಿಗರೇಟಿನ ಎಲೆಯ ಹೊಗೆ ತುಸು ಆಮ್ಲೀಯ, ಅದರ ನಿಕೋಟಿನ್ ಸಿಗಬೇಕಾದರೆ ಶ್ವಾಸಕೋಶಕ್ಕೆ ಎಳೆಯಬೇಕು. ನೆರಳಲ್ಲಿ ಒಣಗಿಸಿ ಮಾಗಿಸಿದ ಸಿಗಾರ್ ಎಲೆಯ ಹೊಗೆ ಕ್ಷಾರೀಯ, ಅದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರ ತನ್ನ ವರದಿಯಲ್ಲಿ ವಿವರವಾಗಿ ಬರೆದಿಟ್ಟಿದೆ. ರಾಶಿಯಲ್ಲಿ ಎಷ್ಟೇ ಮಾಗಿಸಿದರೂ ಈ ಗುಣ ಹೋಗುವುದಿಲ್ಲ. ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆ ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ರೂಢಿಯುಂಟು, ಹೆಚ್ಚಾಗಿ ಹೆಂಗಸರಲ್ಲಿ. ಅಂಗುಳಿನ ಕ್ಯಾನ್ಸರ್ ಅಲ್ಲಿ ಕಾಣಿಸಿಕೊಂಡದ್ದನ್ನು ವೈದ್ಯರು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ.

ಆದ್ದರಿಂದ ಹುಡುಗನ ಮೂರನೆಯ ಪ್ರಶ್ನೆಗೆ ಉತ್ತರ ಹೀಗೆ. ಹೆಸರು ಮುಚ್ಚಿ ಕೊಟ್ಟರೆ ಮುತ್ಯಾನ ಚುಟ್ಟಾ ಕಟ್ಟಿನಲ್ಲಿ ಸೋಲಬಹುದು, ರುಚಿಯಲ್ಲಿ ಯಾರಿಗೆ ಗೊತ್ತು, ಕೆಲವರ ಬಾಯಿ ಮುಚ್ಚಿಸಲೂಬಹುದು. ಐದನೆಯ ಪ್ರಶ್ನೆ ಸೇರಿಸಿದರೆ ಚುಟ್ಟಾಕ್ಕೂ ಸಿಗಾರಿಗೂ ಒಂದೇ ಅಂಕ, ಅದು ಸೊನ್ನೆ. ಇದನ್ನು ಮುತ್ಯಾಗೆ ಬೈದು ಹೇಳಬೇಡ. ಬಾಯಲ್ಲಿ ಬಿಳಿ ಮಚ್ಚೆಯೋ ಮೂರು ವಾರಕ್ಕೂ ಆರದ ಹುಣ್ಣೋ ಇದ್ದರೆ ಆಸ್ಪತ್ರೆಯಲ್ಲಿ ತೋರಿಸೋಣ ನಡಿ ಎಂದು ಕೈಹಿಡಿದು ಕರೆದುಕೊಂಡು ಹೋಗು. ನಿನಗಂತೂ ಮಾರುವುದೇ ಅಪರಾಧ. 2003ರ ಕೇಂದ್ರ ಕಾಯಿದೆ 18 ವರ್ಷದೊಳಗಿನವರಿಗೆ ತಂಬಾಕು ಮಾರಬಾರದು ಎಂದಿತು. ಕರ್ನಾಟಕ ವಿಧಾನಮಂಡಲ 2024ರಲ್ಲಿ ಅಂಗೀಕರಿಸಿ 2025ರಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದ ತಿದ್ದುಪಡಿ ಅದನ್ನು 21ಕ್ಕೆ ಏರಿಸಿದೆ.

ಅಂಕದ ಮಾತು ಯಾದಗಿರಿ ಜಿಲ್ಲೆಯ ಮನೆಗಳಲ್ಲಿ ಎಷ್ಟು ನೋಯಿಸುತ್ತದೆಂದು ಬಲ್ಲೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ಶೇ. 50.59ರೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದಿತ್ತು, ಇಡೀ ರಾಜ್ಯದ ಫಲಿತಾಂಶವೇ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿದಿತ್ತು. ಪರೀಕ್ಷೆ ಬಿಗಿಯಾದದ್ದು ಒಳ್ಳೆಯದೇ, ಹೆಸರಿನ ಪಟ್ಟಿ ಕಿತ್ತು ಸಿಗಾರ್ ಕೊಟ್ಟ ಹಾಗೆ. ಆದರೆ 50.59 ಎಂಬ ಅಂಕಿ ಉತ್ತರಿಸುವುದು ಉತ್ತರಪತ್ರಿಕೆಯಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ. ಗಣಿತ ಹೇಳುವವರು ಆ ವರ್ಷ ಎಷ್ಟು ತಿಂಗಳು ಇದ್ದರು, ದುಡಿಯಲು ಬೆಂಗಳೂರಿಗೋ ಹೈದರಾಬಾದಿಗೋ ಹೋದ ತಂದೆತಾಯಿಯ ಜೊತೆ ಮಗು ಎಷ್ಟು ದಿನ ಶಾಲೆ ಬಿಟ್ಟಿತ್ತು, ಹತ್ತಿ ಬಿಡಿಸುವ ಕಾಲದಲ್ಲಿ ಬೆಂಚು ಎಷ್ಟು ಖಾಲಿಯಿತ್ತು ಎಂಬ ಪ್ರಶ್ನೆಗಳು ಆ ಪತ್ರಿಕೆಯಲ್ಲಿ ಇರಲಿಲ್ಲ. ಮಗುವಿನ ಅಂಕಪಟ್ಟಿ ಹಿಡಿದು ಕೂತ ತಂದೆತಾಯಿಯರು, ಬೈಯುವ ಮೊದಲು, ಪ್ರಶ್ನೆಪತ್ರಿಕೆಯನ್ನೂ ಒಮ್ಮೆ ಓದಿ ನೋಡಬೇಕೆಂದು ನನ್ನ ಕೋರಿಕೆ.

ಕೊನೆಗೆ ರಜೆಯಲ್ಲಿ ಮಾಡಲು ಒಂದು ಪರೀಕ್ಷೆ. ಶೇಂಗಾ ಹಿಂಡಿ ಸಾಕು. ನಿಮ್ಮ ಮನೆಯದು, ಪಕ್ಕದ ಮನೆಯದು ಎರಡನ್ನೂ ತನ್ನಿ. ಒಂದೇ ಥರದ ಮೂರು ಬಟ್ಟಲಿನಲ್ಲಿ, ಎರಡರಲ್ಲಿ ಒಂದೇ ಹಿಂಡಿ, ಮೂರನೆಯದರಲ್ಲಿ ಇನ್ನೊಂದು. ಬಟ್ಟಲಿನ ಬುಡಕ್ಕೆ ಚೀಟಿ ಅಂಟಿಸಿ, ತಿನ್ನುವವರ ಕಣ್ಣಿಗೆ ಬಟ್ಟೆ ಕಟ್ಟಿ. ಬೇರೆಯದು ಯಾವುದು ಹೇಳಿ ಎನ್ನಿ. ಒಂದು ಸಲ ಸರಿ ಹೇಳಿದರೆ ಲೆಕ್ಕಕ್ಕಿಲ್ಲ, ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಬಟ್ಟಲುಗಳನ್ನು ಅದಲುಬದಲು ಮಾಡಿ ಐದು ಸಲ ಕೇಳಿ. ಐದೂ ಸಲ ಸುಮ್ಮನೆ ಊಹಿಸಿ ಗೆಲ್ಲುವ ಸಾಧ್ಯತೆ 243ರಲ್ಲಿ ಒಂದು. ಎರಡು ಸಲದ ನಡುವೆ ಬಾಯಿ ತೊಳೆಯಲು ನೀರು, ಒಂದು ತುಂಡು ರೊಟ್ಟಿ ಇರಲಿ. ಯಾವುದು ಚೆನ್ನಾಗಿದೆ ಎಂದು ಕೇಳಲು ಅವಸರ ಬೇಡ, ಮೊದಲು ಅದು ಬೇರೆ ಎಂದು ಗೊತ್ತಾಗಲಿ. ‘ಚಲೋ ಅದ’ ಎಂದವರನ್ನು ಬಿಡಬೇಡಿ, ಏನು ಚಲೋ ಎಂದು ಕೇಳಿ ಪದ ಬರೆದುಕೊಳ್ಳಿ. ಖಾರವೇ, ಹುರಿದದ್ದು ಹೆಚ್ಚೇ, ಬಳ್ಳೊಳ್ಳಿ ಮುಂದೆ ಬಂತೇ, ಎಣ್ಣೆ ಕಮಟೇ? ಮನೆಯವರು ಎಲ್ಲರೂ ಬರೆದು ಮುಗಿಸುವ ತನಕ ಬಟ್ಟಲು ಮಗುಚಿ ಚೀಟಿ ನೋಡುವಂತಿಲ್ಲ, ಹಿಂಡಿ ಕುಟ್ಟಿದವರೂ ಸೇರಿದಂತೆ.